ಬಂದ್ಯೋಡಿನವರೆಗೆ

ವಾಹನಗಳಿಗೆ ಅನುಮೋದನೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನನ್ನ ದೂರು ಒಂದೇ ಒಂದು ಶಬ್ದದ ಮೇಲೆ. ಆ ಶಬ್ದ ‘ವರೆಗೆ’. ನೀವು ಪರೀಕ್ಷಿಸಿ ಪಾಸು ಮಾಡಿದ ಎಲೆಕ್ಟ್ರಿಕ್ ಕಾರೊಂದರ ಜಾಹೀರಾತು ನಾವು ಓದುವ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು. ‘ಒಮ್ಮೆ ಚಾರ್ಜ್ ಮಾಡಿದರೆ 330 ಕಿ.ಮೀ.’ ಎಂಬುದು ಅಂಗೈಯಗಲದ ಅಕ್ಷರದಲ್ಲಿ. ಅದರ ಬಾಲಕ್ಕೆ ಸಾಸಿವೆ ಕಾಳಿನಷ್ಟು ದಪ್ಪದಲ್ಲಿ ‘ವರೆಗೆ’. ನಮ್ಮೂರಿನಲ್ಲಿ ಬಸ್ಸಿನವನು ತಲಪಾಡಿಯವರೆಗೆ ಎಂದರೆ ಬಸ್ಸು ತಲಪಾಡಿಗೆ ಹೋಗುತ್ತದೆ ಎಂದರ್ಥ. ನಿಮ್ಮ ‘ವರೆಗೆ’ಯ ಅರ್ಥ ಹೋಗುವುದಿಲ್ಲ ಎಂದು. ಇದನ್ನು ಕಲಿಯಲು ನಾವು ಒಂದು ಕಾರು ಕೊಳ್ಳಬೇಕಾಯಿತು.

ನನ್ನ ಹೆಂಡತಿ ಕಮಲ ಮೂವತ್ತೊಂದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ನಿವೃತ್ತಿಯ ಹೊತ್ತಿಗೆ ಕೀಲುವಾತ ಅವಳ ಬೆರಳುಗಳನ್ನು ಬಾಗಿಸಿತು, ಮಂಡಿಗಳನ್ನು ಹಿಡಿಯಿತು. ಕ್ಲಚ್ ಒತ್ತಲಾಗದೆ, ಗೇರು ಎಳೆಯಲಾಗದೆ ಹಳೆಯ ಕಾರನ್ನು ಮಾರಿದಳು. ನನಗೆ ಕಾರು ಬಿಡಲು ಬರುವುದಿಲ್ಲ. ಕನ್ನಡದಲ್ಲಿ ಅರ್ಜಿ ನಮೂನೆ ಕೊಡಿ ಎಂದು ನಲವತ್ತು ವರ್ಷ ಕಾಸರಗೋಡಿನ ಕಚೇರಿಗಳ ಮೆಟ್ಟಿಲ ಮೇಲೆ ಕೂತವನಿಗೆ ಸ್ಟಿಯರಿಂಗ್ ಹಿಡಿಯಲು ಪುರುಸೊತ್ತು ಸಿಗಲಿಲ್ಲ. ನನ್ನನ್ನು ಬೆಳಿಗ್ಗೆ ಧರಣಿಗೆ ಬಿಟ್ಟು, ಸಂಜೆ ಪೊಲೀಸ್ ಠಾಣೆಯಿಂದ ಕರೆದುಕೊಂಡು ಬರುತ್ತಿದ್ದವಳು ಅವಳೇ. ಹಾಗಿದ್ದವಳು ಎರಡು ವರ್ಷ ಪ್ರತಿಯೊಂದಕ್ಕೂ ಯಾರದ್ದಾದರೂ ಬಾಗಿಲಿಗೆ ಹೋಗಿ “ನೀವು ಆ ಕಡೆ ಹೋಗುವುದುಂಟಾ?” ಎಂದು ಕೇಳುವಂತಾಯಿತು. ಎಲೆಕ್ಟ್ರಿಕ್ ಕಾರಿಗೆ ಗೇರಿಲ್ಲ, ಕ್ಲಚ್ಚಿಲ್ಲ ಎಂದು ಗೊತ್ತಾದ ದಿನ ಅವಳ ಮುಖ ನೋಡಬೇಕಿತ್ತು ನೀವು.

ಅವಳಿಗೆ ಬೇಕಿದ್ದದ್ದು ಸಣ್ಣ, ತಗ್ಗಿನ, ಹಗುರವಾದ ಕಾರು. ಮಳಿಗೆಯಲ್ಲಿ ಕುಶಲ್ ಎಂಬ ಯುವಕ ನಮ್ಮನ್ನು ಕೂರಿಸಿ ಜ್ಯೂಸ್ ಕೊಟ್ಟ.

“ತಗ್ಗಿನ ಮಾಡೆಲ್ ನಿಂತುಹೋಯ್ತು ಟೀಚರೇ. ಈಗ ಎಲ್ಲರಿಗೂ ಎತ್ತರದ್ದೇ ಬೇಕು.”

“ನನಗೆ ಬೇಡ. ನಾನು ಎಲ್ಲರ ಒಳಗೆ ಬರುವುದಿಲ್ವಾ?” ಎಂದಳು ಕಮಲ. “ಹೋಗಲಿ, ಇದರಲ್ಲೇ ಸಣ್ಣ ಚಕ್ರದ್ದು ಉಂಟಾ?”

“ಉಂಟು. ಆದರೆ ಈ ಕಡೆ ಮೂವ್ ಆಗುವುದಿಲ್ಲ ಅಂತ ಕಂಪೆನಿಯವರು ಕಳಿಸುವುದಿಲ್ಲ.”

“ಕಳಿಸದೆ ಮೂವ್ ಆಗುವುದು ಹೇಗೆ ಮಾರಾಯ?”

ಕುಶಲ್ ನಕ್ಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಇದ್ದದ್ದನ್ನು ಮಾರುವವನು. ಆಯ್ಕೆ ಗ್ರಾಹಕನದ್ದು ಎಂದು ಭಾಷಣ ಮಾಡುವವರು ಮಾತ್ರ ಒಮ್ಮೆ ಆ ಮಳಿಗೆಗೆ ಬರಬೇಕು. ಅಲ್ಲಿ ಆಯ್ಕೆ ಎಂದರೆ ಬಣ್ಣ. ಎತ್ತರದ ಬಿಳಿ ಕಾರು, ಎತ್ತರದ ನೀಲಿ ಕಾರು, ಎತ್ತರದ ಕೆಂಪು ಕಾರು.

ಬಿಳಿ ಕಾರು ತಂದೆವು. ಗೋಡೆಯ ಹಾಗೆ ನೆಟ್ಟಗೆ ನಿಂತ ಮೂತಿ, ಎಮ್ಮೆ ಮಲಗಿದಷ್ಟು ಅಗಲದ ಟಯರು, ತಲೆಯ ಮೇಲೆ ಯಾವ ಸಾಮಾನನ್ನೂ ಕಟ್ಟದ ಕಂಬಿಗಳು. ಹತ್ತಲು ಕಮಲಳಿಗೆ ಅಡುಗೆಮನೆಯ ಮಣೆ ಬೇಕಾಯಿತು. ಅದು ಈಗಲೂ ಕಾರಿನಲ್ಲೇ ಇದೆ. ಬಾಗಿಲಿನ ಹಿಡಿ ಮೈಯೊಳಗೆ ಅಡಗಿಕೊಂಡಿರುತ್ತದೆ, ಗಾಳಿಯ ತಡೆ ಕಡಿಮೆಯಾಗಲಿ ಎಂದು ಹಾಗೆ ಮಾಡಿದ್ದಂತೆ. ಬಾಗಿದ ಬೆರಳಿನಿಂದ ಅದನ್ನು ಹೊರಗೆಳೆಯಲಾಗದೆ ಅವಳು ಚಮಚದ ಹಿಡಿಯಿಂದ ಎಬ್ಬಿಸುತ್ತಾಳೆ. ಮಾನ್ಯರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರಿಗೆ ವೇಗ ಬಂದ ಮೇಲೆ ಬ್ಯಾಟರಿಯ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಅಂದಕ್ಕಾಗಿ ಮೂತಿ ಎತ್ತರಿಸಿದರು, ಅಂದಕ್ಕಾಗಿ ಚಕ್ರ ಉಬ್ಬಿಸಿದರು. ಹಾಗೆ ಸೋರಿದ್ದನ್ನು ಉಳಿಸಲು ಕೊನೆಗೆ ಇವರಿಗೆ ಕಂಡದ್ದು ಒಬ್ಬ ರೋಗಿ ಹಿಡಿಯಬೇಕಾದ ಹಿಡಿ!

ನಾವು ಕಾಸರಗೋಡಿನವರು ಕಡತಕ್ಕೆ ದಕ್ಷಿಣಕ್ಕೆ, ಕಾಯಿಲೆಗೆ ಉತ್ತರಕ್ಕೆ ಹೋಗುವವರು. ಮೂರು ತಿಂಗಳಿಗೊಮ್ಮೆ ಕಮಲಳನ್ನು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಬೇಕು. ನಾಯ್ಮಾರ್ಮೂಲೆಯ ನಮ್ಮ ಮನೆಯಿಂದ ಹೋಗಿ ಬರಲು ಇನ್ನೂರ ಮೂವತ್ತು ಕಿಲೋಮೀಟರ್. ಈ ಸಲ ಯಾರನ್ನೂ ಕೇಳುವುದು ಬೇಡ ಎಂದಳು. ಮುನ್ನೂರ ಮೂವತ್ತರಲ್ಲಿ ಇನ್ನೂರ ಮೂವತ್ತು ಹೋದರೆ ನೂರು ಉಳಿಯುತ್ತದೆ. ಮೂರನೇ ತರಗತಿಯ ಲೆಕ್ಕ. ಎರಡು ವರ್ಷದ ನಂತರ ಅವಳು ಹಾಡು ಗುನುಗುತ್ತಾ ಕಾರು ಬಿಟ್ಟಳು.

ಹೊಸ ಹೆದ್ದಾರಿಯಲ್ಲಿ ನಾವು ಹತ್ತು ಕಿಲೋಮೀಟರ್ ಓಡಿದರೆ ಕಾರಿನ ಪರದೆಯಲ್ಲಿ ಉಳಿದ ದೂರದ ಅಂಕಿ ಹದಿನೈದು ಇಳಿಯುತ್ತಿತ್ತು. ಆಸ್ಪತ್ರೆ ಮುಗಿಸಿ ಹೊರಟಾಗ ನೂರ ನಲವತ್ತೆಂಟು ಉಳಿದಿತ್ತು. “ನೂರ ಹದಿನೈದು ಸಾಕಲ್ವಾ, ಇನ್ನೂ ಮೂವತ್ತಮೂರು ಮಿಕ್ಕುತ್ತದೆ,” ಎಂದಳು. ಮಂಗಳೂರಿಗೆ ಬರುವಾಗ ಆ ಮೂವತ್ತಮೂರೂ ಹೋಗಿತ್ತು. ಅಲ್ಲಿ ಚಾರ್ಜಿಂಗ್ ಯಂತ್ರ ಎರಡು. ಒಂದು ಸತ್ತಿತ್ತು, ಇನ್ನೊಂದರ ಮುಂದೆ ನಾಲ್ಕು ಕಾರು. ಎಸಿ ನಿಲ್ಲಿಸಿದೆವು. ಏಪ್ರಿಲ್ ತಿಂಗಳ ಮಧ್ಯಾಹ್ನ ಬೆವರು ಸುರಿಸುತ್ತಾ, ಲಾರಿಗಳಿಂದ ಹಾರ್ನ್ ತಿನ್ನುತ್ತಾ, ತೆವಳುತ್ತಾ ಬಂದೆವು. ಬಂದ್ಯೋಡಿನ ಜಂಕ್ಷನ್ನಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಕಾರು ನಿಂತಿತು. ಮನೆಗೆ ಇನ್ನೂ ಇಪ್ಪತ್ತು ಕಿಲೋಮೀಟರ್.

ಹಿಂದಿನಿಂದ ಕಾಸರಗೋಡಿನ ಬಸ್ಸು ಬಂತು. ಕಂಡಕ್ಟರ್ ವಿಘ್ನೇಶ ಅವಳ ಹಳೆಯ ವಿದ್ಯಾರ್ಥಿ. ಫುಟ್‌ಬೋರ್ಡಿನಿಂದಲೇ ಕೂಗಿದ.

“ಎಂತ ಟೀಚರೇ, ಕಾರಿಗೆ ಎಲ್ಲಿಯವರೆಗೆ ಟಿಕೆಟ್ ತೆಗೆದದ್ದು?”

“ಬಂದ್ಯೋಡಿನವರೆಗೆ ಮಾರಾಯ,” ಎಂದಳು ಕಮಲ.

ಬಸ್ಸಿನವರೆಲ್ಲ ನಕ್ಕರು. ಅವಳೂ ನಕ್ಕಳು. ವಿಘ್ನೇಶ ಕೈಹಿಡಿದು ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ಪ್ರೀತಿಯಿಂದಲೇ ಕೇಳಿದ: “ನಮಗೆ ಲೆಕ್ಕ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ ಟೀಚರೇ, ನಿಮಗೇ ತಪ್ಪಿತಾ?” ಇಳಿಯುವವರೆಗೂ ಅವಳು ಬೆರಳು ಮಡಿಸಿ ಆ ಲೆಕ್ಕವನ್ನೇ ಮತ್ತೆ ಮತ್ತೆ ಮಾಡುತ್ತಿದ್ದಳು. ಕಾರನ್ನು ಲಾರಿಯ ಮೇಲೆ ಹೇರಿ ತಂದದ್ದಾಯಿತು. ಅಂದಿನಿಂದ ಅದರ ಕೀಲಿ ಮೊಳೆಯಲ್ಲಿ ನೇತಾಡುತ್ತಿದೆ. “ನನಗೆ ಲೆಕ್ಕ ತಪ್ಪುತ್ತದೆ ಈಗ, ವಯಸ್ಸಾಯ್ತು,” ಎನ್ನುತ್ತಾಳೆ. ಮುಂದಿನ ಸಲಕ್ಕೆ ಪಕ್ಕದ ಮನೆಯವರನ್ನು ಕೇಳಿಯೂ ಆಯಿತು.

ಲೆಕ್ಕ ತಪ್ಪಿದ್ದು ಯಾರದ್ದು ಮಾನ್ಯರೇ? ಎರಡು ತಿಂಗಳು ಅಲೆದು ನಾನು ತಿಳಿದುಕೊಂಡೆ. ಮುನ್ನೂರ ಮೂವತ್ತು ಬಂದದ್ದು ಸಣ್ಣ ಚಕ್ರದ, ಕಂಬಿಗಳಿಲ್ಲದ ಮಾದರಿಗೆ. ನಮ್ಮ ಊರಿಗೆ ಕಳಿಸದ ಅದೇ ಮಾದರಿಗೆ! ಅದೂ ಎಸಿ ಇಲ್ಲದೆ, ಎದುರುಗಾಳಿ ಇಲ್ಲದ ಕೋಣೆಯಲ್ಲಿ, ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದಾಗ. ನಿಮ್ಮ ಕಚೇರಿಗೆ ರಿಜಿಸ್ಟರ್ ಪತ್ರ ಬರೆದೆ. ಎರಡು ಸಾಲಿನ ಇಂಗ್ಲಿಷ್ ಉತ್ತರ ಬಂತು: ಸದರಿ ಅಂಕಿ ನಿಗದಿತ ಪರೀಕ್ಷಾ ಪರಿಸ್ಥಿತಿಗಳಲ್ಲಿ ದೊರೆತದ್ದು, ನಿಯಮಬದ್ಧವಾಗಿದೆ. ಸಂತೋಷ. ಆ ಪರಿಸ್ಥಿತಿ ಯಾವ ತಾಲೂಕಿನಲ್ಲಿದೆ? ಅಲ್ಲಿಗೆ ಬಸ್ಸು ಉಂಟಾ?

ಘೋಷಣೆ ಕೂಗಿ ಕೂಗಿ ಗಂಟಲು ಸೋತಿದೆ ನನಗೆ. ಅರ್ಜಿ ನಮೂನೆಯ ಒಂದು ಸಾಲಿಗಾಗಿ ವರ್ಷಗಟ್ಟಲೆ ನಿಂತವನು ನಾನು. ಒಂದು ಶಬ್ದ ಏನು ಮಾಡಬಲ್ಲದೆಂದು ನನಗೆ ಗೊತ್ತು. ಅದಕ್ಕೇ ಈ ವಯಸ್ಸಿನಲ್ಲಿ ಇನ್ನೊಂದು ಸಲ ಕೇಳುತ್ತಿದ್ದೇನೆ. ಯಾವ ಚಕ್ರ ಹಾಕಿ ಮಾರುತ್ತಾರೋ ಅದೇ ಚಕ್ರ ಹಾಕಿ, ಎಸಿ ಹಚ್ಚಿ, ಹೆದ್ದಾರಿಯ ವೇಗದಲ್ಲಿ ಪರೀಕ್ಷಿಸಿ. ಪರೀಕ್ಷೆಗೆ ತಂದ ಮಾದರಿಯನ್ನು ಎಲ್ಲ ಊರಿನ ಮಳಿಗೆಯಲ್ಲೂ ಮಾರುವಂತೆ ಮಾಡಿ. ‘ವರೆಗೆ’ ಎಂಬ ಶಬ್ದವನ್ನು ಜಾಹೀರಾತಿನಿಂದ ಕಿತ್ತುಹಾಕಿ, ನಿಜವಾಗಿ ಓಡುವ ದೂರವನ್ನು ಅಂಗೈಯಗಲದಲ್ಲಿ ಬರೆಸಿ. ಅದು ಇನ್ನೂರ ಹತ್ತಾದರೆ ಇನ್ನೂರ ಹತ್ತೇ ಇರಲಿ. ಇನ್ನೂರ ಹತ್ತರಲ್ಲಿ ಇನ್ನೂರ ಮೂವತ್ತು ಕಳೆಯಲು ಬರುವುದಿಲ್ಲ ಎಂದು ಕಮಲಳಿಗೆ ಗೊತ್ತು. ಮೊದಲೇ ಹಾಗೆ ಬರೆದಿದ್ದರೆ ಮಣಿಪಾಲದಲ್ಲೇ ಒಂದು ಗಂಟೆ ಚಾರ್ಜಿಗೆ ಹಾಕಿ, ಚಾ ಕುಡಿದು, ಹಾಡು ಗುನುಗುತ್ತಾ ತಾನೇ ಮನೆಗೆ ಬರುತ್ತಿದ್ದಳು.

ಈ ಪತ್ರವನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ಅವಳು ಕಪಾಟಿನಿಂದ ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಜಾಹೀರಾತಿನ 330ಕ್ಕೆ ಅಡ್ಡಗೆರೆ ಎಳೆದಳು. ಮಗ್ಗುಲಲ್ಲಿ ಸೊಟ್ಟ ಅಕ್ಷರದಲ್ಲಿ ‘ತಪ್ಪು. ಮತ್ತೆ ಮಾಡಿ’ ಎಂದು ಬರೆದು ನನ್ನ ಕೈಗೆ ಕೊಟ್ಟಳು. ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಮುದ್ರೆಯನ್ನು ಬಂದ್ಯೋಡಿನವರೆಗೆ ನಂಬಿದ
ಜಯಪಾಲ
ನಾಯ್ಮಾರ್ಮೂಲೆ, ಕಾಸರಗೋಡು