ಗೋಡೆಯೊಳಗಿನ ಖಾಲಿ ಪೈಪು

ಮನೆ, ಹಿಂದಿನ ಕೋಣೆ
ಒಂಬತ್ತನೇ ತಾರೀಖು, ಬುಧವಾರ, ಊಟವಾದ ಮೇಲೆ

ಪ್ರೀತಿಯ ಟೇಪಮ್ಮಾ,

ಹೇಗಿದ್ದೀಯ ಮಗಳೇ? ಏಣಿ ಹತ್ತಿ ಇಳಿದು ನಿನ್ನ ಎಡಮಂಡಿ ನೋಯುತ್ತಿತ್ತಲ್ಲ, ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲಾ ಹಿಡಿದ ಕೆಲಸ ಮುಗಿಯಲಿ ಅಂತ ಮೂರು ಗಂಟೆಯವರೆಗೂ ಹೊಟ್ಟೆ ಕಾಯಿಸುತ್ತೀಯಾ? ನಿಮ್ಮಮ್ಮನನ್ನು ಕೇಳಿದರೆ "ಚೆನ್ನಾಗಿದ್ದಾಳೆ" ಅನ್ನುತ್ತಾಳೆ, ಅದರ ಮೇಲೆ ಇನ್ನೊಂದು ಮಾತಿಲ್ಲ. ಭಾನುವಾರ ನಿನ್ನ ಫೋನು ಬಂತೆಂದರೆ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ನಾನು ಟಿವಿ ಸದ್ದು ಇಳಿಸಿ ಇತ್ತ ಕಡೆ ಕಿವಿ ಚಾಚಿ ಕೂರುತ್ತೇನೆ. ನಿನ್ನ ನಗು ಒಂದು ಸಲ ಕೇಳಿಸಿದರೂ ಆ ವಾರಕ್ಕೆ ಅಷ್ಟು ಸಾಕು. ನಿನ್ನ ವಿಳಾಸವನ್ನೂ ಅವಳ ತಲೆ ತಿಂದು ತಿಂದು ಈಸಿಕೊಂಡೆ. ಇದು ನಾಲ್ಕನೆಯ ಕಾಗದ. ಮೊದಲಿನ ಮೂರು ನಿನ್ನ ಕೈ ಸೇರಿದವೋ, ಕಸದ ಬುಟ್ಟಿ ಸೇರಿದವೋ ತಿಳಿಯದು. ಕೇಳುವುದೂ ಇಲ್ಲ.

ಅಕ್ಷರ ನೋಡಿ ನಗಬೇಡ. ದಪ್ಪ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಸಾಲು ಸೊಟ್ಟಗೆ ಹೋಗದಿರಲಿ ಅಂತ, ಗೋಡೆಯ ಮೇಲೆ ವೈರು ಮುಚ್ಚುತ್ತೇವಲ್ಲ, ಆ ಪ್ಲಾಸ್ಟಿಕ್ ಪಟ್ಟಿಯ ತುಂಡೊಂದನ್ನು ಕಾಗದದ ಮೇಲಿಟ್ಟುಕೊಂಡು, ಒಂದೊಂದು ಸಾಲು ಮುಗಿದ ಹಾಗೆ ಕೆಳಗೆ ಸರಿಸುತ್ತಿದ್ದೇನೆ. ನಲವತ್ತು ವರ್ಷ ದಾರ ಹಿಡಿಯದೆ ಗೋಡೆಗೆ ನೆಟ್ಟಗೆ ಗೆರೆ ಎಳೆದವನ ಗತಿ ನೋಡು. ಕಣ್ಣಿನ ಡಾಕ್ಟರು ಮೊದಲ ಸಲ "ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಣ" ಅಂದಿದ್ದರು. ಎರಡು ತಿಂಗಳು ಬಿಟ್ಟು ಹೋದರೆ ಇರುವುದರಲ್ಲೂ ಅರ್ಧ ಹೋಗಿತ್ತು. ಈಗ ಯಾವುದನ್ನು ನೋಡಬೇಕು ಅಂತ ಕಣ್ಣು ನೆಡುತ್ತೇನೋ ಅದೇ ಮಸುಕು, ಅದರ ಅಕ್ಕಪಕ್ಕದ್ದೆಲ್ಲ ಕಾಣುತ್ತದೆ. ನಿಮ್ಮಮ್ಮ ಎದುರಿಗೆ ನಿಂತು ಬಯ್ಯುವಾಗ ಅವಳ ಮುಖ ಬಿಟ್ಟು ಎರಡು ಕಿವಿಯೂ ಕಾಣುತ್ತವೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಅಂತ ಅವಳನ್ನು ಚುಡಾಯಿಸಿದೆ. ಅವಳು ನಗಲಿಲ್ಲ.

ಈಗ ಸುದ್ದಿಗೆ ಬರುತ್ತೇನೆ. ಹಲ್ಲಿನ ಡಾಕ್ಟರ ಮನೆಯ ಸಿನಿಮಾ ಕೋಣೆಯ ಗೋಡೆ ಒಡೆದರು. ನಮ್ಮಿಂದಲ್ಲ, ಮೇಲಿನ ಬಚ್ಚಲಿನ ನಲ್ಲಿ ಪೈಪು ಸೋರಿ ಗೋಡೆಯೆಲ್ಲ ಒದ್ದೆಯಾಗಿತ್ತು. ಹೇಗೂ ಒಡೆಯುತ್ತಿದ್ದೇವಲ್ಲ, ಒಳಗೆ ನಾವು ಹಾಕಿದ್ದ ಆ ಸತ್ತ ಕೇಬಲ್ಲನ್ನೂ ಕಿತ್ತು ಬೇರೆ ಹಾಕಿಬಿಡಲಿ ಅಂತ ನನ್ನನ್ನು ಕರೆಸಿದರು. ಹನ್ನೊಂದು ತಿಂಗಳಿಂದ ಆ ಕೋಣೆಯಲ್ಲಿ ಹೊರಗಿನ ಕೇಬಲ್ಲೊಂದು ಬಾಗಿಲ ಚೌಕಟ್ಟು ಬಳಸಿಕೊಂಡು ಬಟ್ಟೆ ಒಣಹಾಕುವ ಹಗ್ಗದ ಹಾಗೆ ನೇತಾಡುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಅದು ನನ್ನ ತಲೆಗೇ ತಾಗಿತು.

ಅಲ್ಲಿ ನಿನ್ನ ಒಂದೊಂದು ಮಾತೂ ನೆನಪಾಯಿತು. ಯಂತ್ರಗಳನ್ನಿಡುವ ಬೀರುವಿನಿಂದ ಪ್ರೊಜೆಕ್ಟರಿಗೆ ಗೋಡೆ ಬಳಸಿಕೊಂಡು ಹೋದರೆ ಹದಿನಾರು ಮೀಟರ್ ಅಂತ ನೀನು ನಿನ್ನ ಟೇಪಿನಲ್ಲಿ ಎರಡೆರಡು ಸಲ ಅಳೆದು ಹೇಳಿದೆ. ಅಷ್ಟು ದೂರಕ್ಕೆ ತಾಮ್ರದ ಕೇಬಲ್ ಇವತ್ತಿನ ಚಿತ್ರವನ್ನೇ ಏದುಸಿರು ಬಿಟ್ಟುಕೊಂಡು ಹೊರುತ್ತದೆ, ನಾಳೆ ಬರುವ ದೊಡ್ಡ ಚಿತ್ರಕ್ಕೆ ಗಾಜಿನೆಳೆಯ ಕೇಬಲ್ಲೇ ಬೇಕು ಅಂದೆ. ಅದಕ್ಕೆ ನಾನೂ ಹೂಂ ಅಂದೆ. ಆಮೇಲೆ ನೀನು, ಯಾವ ಕೇಬಲ್ ಹಾಕಿದರೂ ಅದನ್ನು ಪೈಪಿನೊಳಗೇ ಹಾಕಬೇಕು, ಎರಡು ಇಂಚಿನ ಪೈಪು, ತಿರುವುಗಳೆಲ್ಲ ಅಗಲವಾಗಿರಬೇಕು, ಒಳಗೆ ಎಳೆಯುವ ದಾರ ಬಿಟ್ಟಿರಬೇಕು ಅಂತ ಹಟ ಹಿಡಿದೆ. "ಕೇಬಲ್ ಐದಾರು ವರ್ಷಕ್ಕೆ ಹಳೇದಾಗುತ್ತೆ ಅಪ್ಪಾ. ಗೋಡೆ ಹಂಗಲ್ಲ. ಮುಂದೆ ಬರೋದಕ್ಕೆ ದಾರಿ ಬಿಡಿ." ನಾನು ಗಾರೆಯವನ ಎದುರಿಗೇ "ದಿನಾ ಬದಲಾಯಿಸೋಕೆ ಅದೇನು ಹಾಸಿಗೆ ಹೊದಿಕೆನಾ?" ಅಂದು ನಗೆಯಾಡಿದೆ. ಪ್ರೊಜೆಕ್ಟರ್ ಇನ್ನೂ ಬಂದಿರಲಿಲ್ಲ. ಎರಡು ದಿನ ತಡೆದು, ಚಿತ್ರ ಬರಿಸಿ ನೋಡಿ ಆಮೇಲೆ ಗೋಡೆ ಮುಚ್ಚೋಣ ಅಂದೆ ನೀನು. ಕಲಸಿದ ಗಾರೆ ಯಾರಪ್ಪನಿಗೂ ಕಾಯುವುದಿಲ್ಲ ಅಂದೆ ನಾನು.

ಆ ಗಾಜಿನೆಳೆಯ ಕೇಬಲ್ ಒಂದೇ ದಿಕ್ಕಿಗೆ ಹೋಗುವ ಜಾತಿಯದು. ಒಂದು ತುದಿ ಚಿತ್ರ ಕೊಡುವ ಪೆಟ್ಟಿಗೆಗೆ, ಇನ್ನೊಂದು ಪ್ರೊಜೆಕ್ಟರಿಗೆ. ತಿರುಗುಮುರುಗಾದರೆ ಏನು ಮಾಡಿದರೂ ಚಿತ್ರ ಬಾರದು. ಯಾವುದು ಯಾವ ತುದಿ ಅಂತ ಅದರ ತಲೆಯ ಮೇಲೆ ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಅಕ್ಷರ ಓದಿ ಹಾಕಿದವನು ನಾನು. ಓದಿ ಅಂದೆನಲ್ಲ, ಓದಲಿಲ್ಲ. ಓದಲು ಆಗಲಿಲ್ಲ. ಬೆರಳಿನಲ್ಲಿ ತಡವಿ, ಇದೇ ಇರಬೇಕು ಅಂದುಕೊಂಡೆ. ನೀನು ಏಣಿಯ ಮೇಲಿಂದ "ತುದಿ ಸರಿ ಇದೆಯಾ ಅಪ್ಪಾ?" ಅಂತ ಕೇಳಿದೆ. "ನನಗೇ ಹೇಳಿಕೊಡ್ತೀಯಾ?" ಅಂತ ಹಾರಿಬಿದ್ದೆ.

ಆಮೇಲಿನದನ್ನು ನೀನು ಮರೆತಿರಲಾರೆ. ಡಾಕ್ಟರ ಮನೆಮಂದಿಯೆಲ್ಲ ಹೊಸ ಕುರ್ಚಿಗಳಲ್ಲಿ ಕೂತಿದ್ದರು. ಪರದೆ ಕಪ್ಪಗೇ ಇತ್ತು. ಪ್ರೊಜೆಕ್ಟರ್ ತಂದವರು ಅರ್ಧ ಗಂಟೆ ತಡಕಾಡಿ, ಗೋಡೆಯೊಳಗಿನ ಕೇಬಲ್ ಉಲ್ಟಾ ಬಿದ್ದಿದೆ ಅಂದರು. "ಯಾರು ಮೇಸ್ತ್ರಿ ಇದನ್ನ ಹಾಕಿದ್ದು?" ಅಂತ ಡಾಕ್ಟರು ಕೇಳಿದರು. ನಾನು "ನನ್ನ ಮಗಳು ಡಾಕ್ಟ್ರೇ, ಇನ್ನೂ ಕಲೀತಿದ್ದಾಳೆ" ಅಂದೆ. ಹದಿಮೂರು ವರ್ಷ ನನ್ನ ಜೊತೆ ದುಡಿದವಳು ನೀನು. ಬಾಯಿ ತೆರೆದೆ, ನನ್ನ ಮುಖ ನೋಡಿದೆ, ಮುಚ್ಚಿಕೊಂಡೆ. ಸೊಂಟದಲ್ಲಿದ್ದ ಟೇಪನ್ನು ಬಿಚ್ಚಿ ಕುರ್ಚಿಯ ಕೈಮೇಲಿಟ್ಟು ಹೊರಟುಹೋದೆ. ನೀನು ಸಂಜೆಗೆ ಮುಖ ಊದಿಸಿಕೊಂಡು ಮನೆಗೆ ಬರುತ್ತೀಯ, ಎರಡು ದಿನ ಮಾತು ಬಿಡುತ್ತೀಯ, ಮೂರನೆಯ ದಿನಕ್ಕೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಮೊನ್ನೆ ಗಾರೆಯವನು ಪ್ಲಾಸ್ಟರ್ ಕೆತ್ತುತ್ತಾ ಹೋದ. ಅದೇ ಗಾರೆಯವನು, ಅದೇ ಗೋಡೆ. ನಾನು ಹಾಕಿದ ಕೇಬಲ್ ಸಿಕ್ಕಿತು. ಅದಕ್ಕೆ ಎರಡು ಬೆರಳು ಪಕ್ಕದಲ್ಲಿ ಒಂದು ಪೈಪು! ಎರಡು ಇಂಚಿನದು, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ, ತಿರುವೆಲ್ಲ ಅಗಲ. ಎರಡೂ ಬಾಯಿಗೆ ಅಂಟು ಟೇಪು ಸುತ್ತಿ ಸ್ವಿಚ್ ಬಾಕ್ಸಿನ ಹಿಂದೆ ಅಡಗಿಸಿದ್ದೀಯ. ಯಾವಾಗ ಹಾಕಿದೆ ಕಳ್ಳಿ? ನಾನು ಊಟಕ್ಕೆ ಹೋಗಿ ಅರ್ಧ ಗಂಟೆ ಒರಗಿದ್ದೆನಲ್ಲ, ಆವಾಗಲಂತೆ; ಗಾರೆಯವನೂ ಕೈಜೋಡಿಸಿ, ನೀನು ಹೇಳಬೇಡ ಅಂದದ್ದಕ್ಕೆ ಬಾಯಿ ಬಿಡಲಿಲ್ಲವಂತೆ. ಒಳಗೆ ದಾರವೂ ಇತ್ತು. ಹೊಸ ಕೇಬಲ್ಲಿನ ತುದಿ ಯಾವುದೆಂದು ಗಾರೆಯವನ ಕೈಯಲ್ಲಿ ಓದಿಸಿ, ದಾರಕ್ಕೆ ಕಟ್ಟಿ ಎಳೆದೆವು. ಟೀ ಆರುವುದರೊಳಗೆ ಆ ಕಡೆ ಬಂದುಬಿಟ್ಟಿತು. ಸಂಜೆ ಚಿತ್ರ ಬಂತು. ಸಮುದ್ರವಂತೆ, ಅಷ್ಟು ನೀಲಿಯಂತೆ. ನನಗೆ ಅಂಚಿನ ಅಲೆಗಳು ಕಂಡವು. ತಪ್ಪು ನನ್ನದು, ಪೈಪು ನನ್ನ ಮಗಳದು ಅಂತ ಡಾಕ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ನಿನ್ನನ್ನು ಬಾಯ್ತುಂಬ ಹೊಗಳಿದರು. ನನ್ನ ಎದೆ ಹಗುರವಾಯಿತು.

ಪೈಪು ಇದೆ ಅಂತ ನೀನು ಅವತ್ತೇ ಒಂದು ಮಾತು ಅಂದಿದ್ದರೆ ಕಾಲು ಗಂಟೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಯಾಕೆ ಅನ್ನಲಿಲ್ಲವೋ ಅಂತ ಯೋಚಿಸುತ್ತಿರುತ್ತೇನೆ. ಇದೇ ನನ್ನ ಕೊನೆಯ ಕೆಲಸ. ಸಾಮಾನಿನ ಚೀಲವನ್ನು ಅಟ್ಟಕ್ಕೆ ಹಾಕಿಸಿಬಿಟ್ಟೆ. ನಿನ್ನ ಟೇಪನ್ನು ಮಾತ್ರ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ಆಗಾಗ ಎಳೆದು ಬಿಡುತ್ತೇನೆ, ಸರ್ರನೆ ಒಳಗೆ ಓಡುತ್ತದೆ. ಅಂಕಿಗಳು ಕಾಣುವುದಿಲ್ಲ. ಬಾ ಅಂತ ಬರೆಯುವ ಮುಖ ನನಗಿಲ್ಲ, ಬರುತ್ತೀಯ ಅನ್ನುವ ಆಸೆಯೂ ಈಗ ಇಲ್ಲ. ಬಂದರೂ ನಿನ್ನ ಮುಖ ನೋಡುವಷ್ಟು ಕಣ್ಣು ಉಳಿದಿರುತ್ತದೋ ಇಲ್ಲವೋ.

ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ. ಏಣಿ ಹತ್ತುವ ಮುಂಚೆ ಕರೆಂಟು ತೆಗೆದಿದೆಯಾ ಅಂತ ನೀನೇ ಹೋಗಿ ನೋಡು, ಇನ್ನೊಬ್ಬರ ಬಾಯಿಮಾತು ನಂಬಬೇಡ. ನೂರು ವರ್ಷ ಸುಖವಾಗಿರು ಮಗಳೇ.

ನಿನ್ನ
ಅಪ್ಪ

ತಾ.ಕ.: ಕಾಗದ ಪೋಸ್ಟಿಗೆ ಹಾಕಲು ನಿಮ್ಮಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಗೋಡೆ ಮುಚ್ಚುವ ಮೊದಲು ಇಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುವುದು ನಿನ್ನ ಅಭ್ಯಾಸವಲ್ಲವೇ. ಅಲ್ಲೂ ಬರೆದಿದ್ದೆ. ಡಾಕ್ಟರು ಮೇಲೆ ಹೋಗಿದ್ದಾಗ ಗಾರೆಯವನು ಧೂಳು ಒರೆಸಿ ನನಗೆ ಓದಿ ಹೇಳಿದ. "ಖಾಲಿ ಪೈಪು, ಒಳಗೆ ದಾರ ಇದೆ. ಅಪ್ಪನಿಗೆ ಕಣ್ಣು ಕಾಣ್ತಿಲ್ಲ, ಹೇಳಿಕೊಳ್ಳೋದಿಲ್ಲ. ಗೋಡೆ ಒಡೆದವರು ದಯವಿಟ್ಟು ಅವರನ್ನ ಬಯ್ಯಬೇಡಿ." ಅವತ್ತು ನೀನು ಯಾಕೆ ಬಾಯಿ ಮುಚ್ಚಿಕೊಂಡೆ ಅಂತ ತಿಳಿಯಿತು. ಅದರ ಮೇಲೆ ಗಾರೆ ಬಳಿಯಲು ಹೇಳಿದೆ, ಬಳಿದ. ಸಂಜೆ ಚಿತ್ರ ಬಂದಾಗ ಡಾಕ್ಟರು "ಇಷ್ಟು ಮುಂದಾಲೋಚನೆ ಮಾಡಿ ಪೈಪು ಇಟ್ಟಿದ್ದು ಯಾರು ಮೇಸ್ತ್ರಿ?" ಅಂತ ಕೇಳಿದರು. ನಾನೇ ಅಂದೆ. ಅವರಿಗೆ ಎಲ್ಲ ಹೇಳಿದೆ ಅಂತ ಮೇಲೆ ಬರೆದದ್ದು ಸುಳ್ಳು. ಅದನ್ನು ಹೊಡೆದುಹಾಕೋಣವೆಂದು ಆವಾಗಿನಿಂದ ಹುಡುಕುತ್ತಿದ್ದೇನೆ, ಯಾವ ಸಾಲಿನಲ್ಲಿದೆ ಅಂತ ಕಾಣಿಸುತ್ತಿಲ್ಲ.