ತೆರೆಯ ಮೇಲೆ ಸೋಯುಲ್‌ಳ ಗುಂಗುರು ಕೂದಲು

ಆನ್ಸಾನ್
ನವೆಂಬರ್ ೧೪

ಪ್ರೀತಿಯ ಯೊಂಗ್‌ಸುಕ್ ಅಕ್ಕನಿಗೆ,

ನೀನು ಕಳಿಸಿದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಆ ಕಿಮ್ಚಿ, ಬಂದು ತಲುಪಿ ಅರ್ಧ ಖಾಲಿಯೂ ಆಯಿತು. ನನ್ನ ಕಾಗದ ಈಗ ಹೊರಡುತ್ತಿದೆ, ಬೈದುಕೋ. ಫೋನಿನಲ್ಲಾದರೆ ನೀನು ನನಗೆ ಬಾಯಿ ತೆರೆಯಲೂ ಬಿಡುವುದಿಲ್ಲ, ಅದಕ್ಕೇ ಬರೆಯಲು ಕೂತೆ. ನಿನ್ನ ಮಂಡಿನೋವು ಹೇಗಿದೆ? ನಮ್ಮ ಯಜಮಾನರು ಕ್ವೇಕು ಈಗ ಕಾರ್ಖಾನೆಯಲ್ಲಿ ಹಗಲು ಪಾಳಿಗೆ ಬದಲಾಗಿದ್ದಾರೆ. ಮುಖದಲ್ಲಿ ಕಳೆ ಬಂದಿದೆ.

ಮುಖ್ಯ ಸುದ್ದಿ, ಸೋಯುಲ್ ನಟಿಸಿದ ಸಿನಿಮಾ ನಿನ್ನೆ ಬಿಡುಗಡೆಯಾಯಿತು. ಅಬ್ಬಾ, ಹೋದ ಜೀವ ಬಂದಂತಾಯಿತು ನನಗೆ.

ಎಷ್ಟು ಹೆದರಿದ್ದೆ ಗೊತ್ತೇ? ಶಾಲೆಯ ಮಕ್ಕಳು ನಿಯಮಗಳ ವಿರುದ್ಧ ದಂಗೆಯೇಳುವ ತಮಾಷೆ ಕಥೆ ಅದು. ಮೊದಲು ಅದರಲ್ಲಿ ನನ್ನ ಮಗಳಿಗೆ ಕೊಟ್ಟಿದ್ದು ಆಫ್ರಿಕಾದ ಹುಡುಗಿಯ ಪಾತ್ರ. ನಮ್ಮ ಭಾಷೆ ತೊದಲಬೇಕು, ತೊಕ್ಪೊಕ್ಕಿಯ ಅಕ್ಕಿ ಕಡುಬು ತಿಂದು ಖಾರ ತಡೆಯಲಾರದೆ ಕುಣಿದಾಡಬೇಕು, ಜನ ನಗಬೇಕು. ಇವಳೋ ಅಪ್ಪನ ಊರು ಘಾನಾವನ್ನು ಕಣ್ಣಲ್ಲೂ ಕಂಡವಳಲ್ಲ, ಆನ್ಸಾನ್‌ನಲ್ಲೇ ಹುಟ್ಟಿ ಬೆಳೆದವಳು. ಸೀದಾ ನಿರ್ದೇಶಕಿಯ ಹತ್ತಿರ ಹೋಗಿ ಹೇಳಿದಳಂತೆ:

"ಮೇಡಂ, ಖಾರ ತಡೀದೇ ಇರೋರು ನಮ್ಮ ಕ್ಲಾಸಲ್ಲೇ ಇದ್ದಾರೆ, ಅಪ್ಪಟ ಇಲ್ಲಿಯವರು. ಕರ್ಕೊಂಡು ಬರ್ಲಾ?"

"ಮತ್ತೆ ಜನ ಯಾತಕ್ಕೆ ನಗಬೇಕಮ್ಮ?"

"ನಮ್ಮ ಸ್ಕೂಲನ್ನ ನೋಡಿ ನಗಲಿ. ನನ್ನ ಕೂದಲು ಪಾರ್ಲರಲ್ಲಿ ಮಾಡ್ಸಿದ್ದಲ್ಲ, ಹುಟ್ಟಿನಿಂದಲೇ ಗುಂಗುರು ಅಂತ ಅಮ್ಮನ ಕೈಲಿ ಬರೆಸ್ಕೊಂಡು ಬಾ ಅಂದಿದ್ರು ಅಲ್ಲಿ."

ನಿರ್ದೇಶಕಿ ಕೂತು ಕಥೆಯನ್ನೇ ತಿರುಗಿಸಿದಳು. ಈಗ ಗೇಟಿನಲ್ಲಿ ನಿಂತ ಶಿಸ್ತಿನ ಮೇಷ್ಟ್ರು ಗುಂಗುರು ಕೂದಲಿನ ಹುಡುಗಿಯನ್ನು ತಡೆಯುತ್ತಾನೆ. ಮರುದಿನ ಇಡೀ ಕ್ಲಾಸು, ಗಂಡುಹುಡುಗರೂ ಸೇರಿ, ಸಂತೆಯ ಅಜ್ಜಿಯರ ಥರ ಕೂದಲನ್ನು ಗುಂಗುರಾಗಿಸಿ ಬಿಗಿ ಪರ್ಮ್ ಮಾಡಿಸಿಕೊಂಡು ಬರುತ್ತದೆ. ಆ ಪರ್ಮ್ ಮಾಡಿದ್ದು ಯಾರು ಅಂದುಕೊಂಡೆ? ನಿನ್ನ ತಂಗಿ, ತನ್ನ ಪಾರ್ಲರಿನಲ್ಲಿ. ಒಬ್ಬ ಹುಡುಗ ಕನ್ನಡಿ ನೋಡಿಕೊಂಡು ಅಳುಮೋರೆ ಹಾಕಿದ: "ಆಂಟಿ, ನಮ್ಮಜ್ಜಿ ಥರಾನೇ ಕಾಣ್ತಿದ್ದೀನಿ." "ನಿಮ್ಮಜ್ಜಿ ನಿನಗಿಂತ ಲಕ್ಷಣವಾಗಿದ್ದಾರೆ, ತಲೆ ಅಲ್ಲಾಡಿಸ್ಬೇಡ" ಅಂದೆ.

ಆದರೂ ಥಿಯೇಟರಿನಲ್ಲಿ ಅವಳು ತೆರೆಯ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಇವರ ಕೈಯನ್ನು ಎಷ್ಟು ಹಿಚುಕಿದೆನೋ. ಅಷ್ಟರಲ್ಲಿ ನಗು ಎದ್ದಿತು. ಕಣ್ಣು ಬಿಟ್ಟು ನೋಡಿದರೆ ಜನ ನಗುತ್ತಿದ್ದುದು ಆ ಮೇಷ್ಟ್ರನ್ನು ನೋಡಿ. ಪಕ್ಕದಲ್ಲಿದ್ದ ಮುದುಕಿ, ಅವಳದೂ ಬಿಗಿ ಪರ್ಮೇ, ನನ್ನ ಮೊಣಕೈ ತಿವಿದು, "ಈ ಕೂದಲಿಗೆ ಏನು ಕಮ್ಮಿ ಆಗಿದೆ ಅಂತ ಹಾಗೆ ಕಿರುಚ್ತಾನೆ ಆ ಮೂಳ?" ಅಂದಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಸಿನಿಮಾ ಮುಗಿದ ಮೇಲೆ ನಟರೆಲ್ಲ ಮುಂದೆ ಬಂದು ಸಾಲಾಗಿ ನಿಂತು ತಲೆಬಾಗಿದರು. ಮೈಕು ಕೈಗೆ ಬಂದಾಗ ಇವಳು, "ಆನ್ಸಾನ್ ಹುಡುಗಿ ಸೋಯುಲ್, ನಮಸ್ಕಾರ" ಅಂದಳು, ಅಷ್ಟೇ. ಯಾವ ದೇಶದವಳು ಎಂದು ಯಾರೂ ಕೇಳಲಿಲ್ಲ. ನಾನು ಹೊರಗೆ ಬಂದು ಸಮಾಧಾನವಾಗುವಷ್ಟು ಅತ್ತೆ.

ಚಳಿ ಶುರುವಾಗಿದೆ, ಮಂಡಿಗೆ ಶಾಖ ಕೊಡುವುದನ್ನು ಬಿಡಬೇಡ. ಅಮ್ಮನಿಗೆ ನಮ್ಮ ಮೂವರ ನಮಸ್ಕಾರ ತಿಳಿಸು. ನಿನ್ನ ಮನೆ ಮಕ್ಕಳು ಎಲ್ಲ ತಣ್ಣಗಿರಲಿ.

ನಿನ್ನ ತಂಗಿ,
ಮಿಸುಕ್

ಇನ್ನೊಂದು ಮಾತು ಉಳಿಯಿತು. ಅಮ್ಮನ ಎಪ್ಪತ್ತರ ಔತಣದ ದಿನ ನೀನು ಫೋನ್ ಮಾಡಿ, "ನಿಮ್ಮ ಭಾವನ ಕಡೆಯವರೆಲ್ಲ ಇರ್ತಾರೆ ಕಣೆ, ಮನೆಯವರ ಫೋಟೋ ಮುಗೀಲಿ, ನೀವು ಊಟದ ಹೊತ್ತಿಗೆ ಬನ್ನಿ" ಅಂದಿದ್ದೆ. ನಾವು ಹಾಗೇ ಬಂದೆವು. ಸೋಯುಲ್ ಹಬ್ಬದ ಉಡುಗೆ, ಹೊಸ ಹನ್‌ಬೋಕ್, ಉಟ್ಟಿದ್ದಳು. ಚಿಕ್ಕವಳು, ಏನೂ ತಿಳಿದಿರಲಾರದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ನಿನ್ನೆ ಜನ ಮುಗಿಬಿದ್ದು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಕೇಳಿದಳು: "ಅಮ್ಮಾ, ಅಜ್ಜಿಯ ಎಂಬತ್ತಕ್ಕೆ ದೊಡ್ಡಮ್ಮ ನನ್ನನ್ನೂ ಫೋಟೋಲಿ ನಿಲ್ಲಿಸ್ಕೋತಾರಾ?"

ಏನು ಹೇಳಲಿ ಅಕ್ಕ, ನೀನೇ ತಿಳಿಸು.