ನನ್ನ ಬೆಣ್ಣೆಯ ಸಾಕ್ಷ್ಯ ವಾಪಸು ಕೊಡಿ

ಮಾಟಗಾತಿಯರ ವಿಚಾರಣೆಗೆ ಕೂತಿರುವ ಮಾನ್ಯ ನ್ಯಾಯಾಧೀಶರೇ,

ಮಾರ್ಚ್ ಮೊದಲ ವಾರ ನಿಮ್ಮೆದುರು ಕೈಯೆತ್ತಿ, ದೇವರ ಹೆಸರಲ್ಲಿ ನಾನು ಹೇಳಿದ ಸಾಕ್ಷ್ಯ ತಪ್ಪು. ಅದನ್ನು ವಾಪಸು ಕೊಡಿ. ಮೊದಲ ಸಲ ಕೇಳಿದಾಗ ನೀವೇ ಕೊಡಲಿಲ್ಲ. ಆಮೇಲೆ ಎರಡು ಸಲ ಹೋದರೆ ನಿಮ್ಮ ಗುಮಾಸ್ತರು, "ಸಾಕ್ಷ್ಯ ಒಳಗೆ ಬರ್ತದೆ ತಾಯಿ, ಹೊರಗೆ ಹೋಗಲ್ಲ" ಎಂದು ಬಾಗಿಲು ಹಾಕಿಕೊಂಡರು. ಅದಕ್ಕೇ ಈ ಪತ್ರವನ್ನು ಪ್ರಾರ್ಥನಾಮಂದಿರದ ಬಾಗಿಲಿಗೇ ಮೊಳೆ ಹೊಡೆದು ಹಚ್ಚಿದ್ದೇನೆ. ಓದಲು ಬರುವವರು ಬಾರದವರಿಗೆ ಓದಿ ಹೇಳಲಿ.

ನಡೆದದ್ದು ಇಷ್ಟು. ಫೆಬ್ರವರಿಯಲ್ಲಿ ಎರಡು ದಿನ ಕಡೆದರೂ ನನಗೆ ಬೆಣ್ಣೆ ಬರಲಿಲ್ಲ. ನಮ್ಮಜ್ಜಿಯರು ಮಾಡುತ್ತಿದ್ದ ಹಾಗೆ ಕುದುರೆಯ ಲಾಳವನ್ನು ಕೆಂಪಗೆ ಕಾಯಿಸಿ ಕೆನೆಯೊಳಗೆ ಹಾಕಿದೆ. ಕೆನೆಯನ್ನು ಕಟ್ಟಿಹಾಕಿದ ಮಾಟಗಾತಿ ಎಲ್ಲಿದ್ದರೂ ಅಲ್ಲೇ ಸುಡುತ್ತಾಳೆ ಎಂಬುದು ನಂಬಿಕೆ. ಬೆಣ್ಣೆ ಬಂತು. ಮರುದಿನ ಪಕ್ಕದ ಮನೆಯ ವಿಧವೆ ಕೆಸಾಯಾ ಲಂಟ್ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದಳು. ನನಗೆ ಅಷ್ಟೇ ಸಾಕಾಯಿತು. ನಾನು ಇದನ್ನು ನಿಮ್ಮೆದುರು ಹೇಳಿದ ಕೂಡಲೇ, ತಮಗೆ ಮಾಟ ತಗುಲಿದೆ ಎನ್ನುವ ಮುಂದಿನ ಬೆಂಚಿನ ಹುಡುಗಿಯರು ಕಿರುಚಿ ಬಿದ್ದು ಹೊರಳಾಡಿದರು. ನೀವು ಮುಂದಕ್ಕೆ ಬಾಗಿ ಕೇಳಿದಿರಿ. ಐವತ್ತು ವರ್ಷದಲ್ಲಿ ದೊಡ್ಡ ಮನುಷ್ಯರೊಬ್ಬರು ನನ್ನ ಮಾತಿಗೆ ಹಾಗೆ ಕಿವಿಗೊಟ್ಟದ್ದು ಅದೇ ಮೊದಲು. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದೆನೇನೋ.

ತಿಂಗಳ ಕೊನೆಗೆ ಮನಸ್ಸು ತಡೆಯದೆ, ನೀವು ಕೆಸಾಯಾಳನ್ನು ಹಾಕಿಸಿದ ಬಂದೀಖಾನೆಗೆ ಹೋದೆ. ಕಾಲಿಗೆ ಸರಪಳಿ ಹಾಕಿಸಿಕೊಂಡು ಕೂತವಳು ನನ್ನನ್ನು ನೋಡಿ ನಕ್ಕಳು.

"ಬಾ ಹೆಪ್ಸಿಬಕ್ಕ. ಬೆಣ್ಣೆ ಹೆಂಗೆ ಬರ್ತಿದೆ?"

"ತಮಾಷೆ ಮಾಡ್ಬೇಡ ಕಣೇ. ನಿಜ ಹೇಳು, ಆ ಕೈ..."

"ರೊಟ್ಟಿ ಒಲೆ ಕಣಕ್ಕ, ಇನ್ನೇನು? ನಿನ್ನ ಹಾಲಿನ ಕೋಣೇಲಿ ನೀರೇ ಹೆಪ್ಪುಗಟ್ಟುತ್ತೆ. ಕೆನೆ ಬೆಚ್ಚಗಾಗದೆ ಬೆಣ್ಣೆ ಎಲ್ಲಿಂದ ಬರಬೇಕು? ನಿನ್ನ ಲಾಳ ಅದನ್ನ ಬೆಚ್ಚಗೆ ಮಾಡ್ತು, ಅಷ್ಟೇಯ. ಒಲೆ ಪಕ್ಕ ಇಟ್ಕೊಂಡು ಕಡೆದು ನೋಡು ಹೋಗು."

ಕಡೆದು ನೋಡಿದೆ. ಹೊರಗಿನ್ನೂ ಹಿಮವಿತ್ತು. ಒಲೆಯ ಪಕ್ಕದಲ್ಲಿ ಬೆಣ್ಣೆ ಬಂತು, ಹಾಲಿನ ಕೋಣೆಯಲ್ಲಿ ಬರಲಿಲ್ಲ. ಮೂರನೆಯ ಸಲ ಬೇಕೆಂದೇ ಲಾಳ ಕಾಯಿಸಿ ಹಾಕಿ, ಬಂದೀಖಾನೆಗೆ ಹೋಗಿ ಅವಳ ಮೈಕೈ ನೋಡಿದೆ. ಹೊಸ ಗಾಯ ಒಂದೂ ಇರಲಿಲ್ಲ. ಕಾವಲುಗಾರನನ್ನೇ ಕೇಳಿ.

ನೇರ ನಿಮ್ಮಲ್ಲಿಗೆ ಬಂದೆ. ನೀವು ಏನೆಂದಿರಿ?

"ಒಲೆ ಪಕ್ಕ ಕಡೆಯೋ ಈ ಉಪಾಯ ಹೇಳಿಕೊಟ್ಟೋರು ಯಾರಮ್ಮ?"

"ಕೆಸಾಯಾನೇ, ಸ್ವಾಮಿ."

"ನೋಡಿದೆಯಾ! ಕಟ್ಟಿದ್ದೂ ಅವಳೇ, ಬಿಚ್ಚಿದ್ದೂ ಅವಳೇ. ಗುಮಾಸ್ತರೇ, ಬರ್ಕೊಳ್ಳಿ."

ಒಂದು ಸಾಕ್ಷ್ಯ ವಾಪಸು ಪಡೆಯಲು ಬಂದವಳು ಇನ್ನೊಂದು ಕೊಟ್ಟು ಮನೆಗೆ ಹೋದೆ! ತಮ್ಮ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಬೆಣ್ಣೆ ಬಾರದಿದ್ದರೆ ಅವಳ ತಪ್ಪು, ಬಂದರೂ ಅವಳ ತಪ್ಪು. ಹಾಗಾದರೆ ಅವಳು ನಿರಪರಾಧಿ ಎನ್ನಿಸಿಕೊಳ್ಳಲು ನನ್ನ ಕೆನೆ ಏನು ಮಾಡಬೇಕು? ದಯವಿಟ್ಟು ತಿಳಿಸಿ, ಮಾಡಿಸುತ್ತೇನೆ. ಈಗ ಊರಿನ ಹೆಂಗಸರೆಲ್ಲ ಸೆಕೆಯಲ್ಲೂ ಕೈಗವಸು ಹಾಕಿಕೊಂಡು ಓಡಾಡುತ್ತಿದ್ದಾರೆ. ಒಲೆ ಮುಂದೆ ಬದುಕುವ ಯಾವ ಹೆಂಗಸಿನ ಕೈಯಲ್ಲಿ ಸುಟ್ಟ ಕಲೆಯಿಲ್ಲ ಸ್ವಾಮಿ? ನಿಮ್ಮ ಮನೆಯಲ್ಲಿ ಅಡುಗೆ ಮಾಡಿ ಬಡಿಸುವ ಕೈಯನ್ನು ಒಂದು ದಿನವಾದರೂ ನೋಡಿದ್ದೀರಾ?

ನಿಮ್ಮೆದುರು ಹೇಳದೆ ಬಿಟ್ಟ ಮಾತೊಂದಿದೆ. ಫೆಬ್ರವರಿಯಲ್ಲಿ, ಎರಡು ದಿನ ಕಡೆದು ನನ್ನ ತೋಳು ಬಿದ್ದುಹೋಗಿತ್ತು. ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಕೆಸಾಯಾ ಅಂದು ಬಟ್ಟೆ ಸುತ್ತಿದ ಕೈಯಲ್ಲಿ ಹಿಡಿದು ತಂದದ್ದು ಒಂದು ರೊಟ್ಟಿ. ಕೈ ಸುಟ್ಟುಕೊಂಡದ್ದು ಅದನ್ನು ಬೇಯಿಸುವಾಗಲೇ. ನಾನು ಅದಕ್ಕೆ ಆ ಹೊಸ ಬೆಣ್ಣೆ ಸವರಿಕೊಂಡು ತಿಂದೆ. ತಿಂದ ಮೇಲೆ ಸಾಕ್ಷಿ ಹೇಳಿದೆ.

ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂದು ದೇವರು ಆಜ್ಞೆ ಮಾಡಿದ್ದಾನೆ. ಅವನ ಮುಂದೆ ಲೆಕ್ಕ ಒಪ್ಪಿಸುವ ದಿನ ನಿಮ್ಮ ಗುಮಾಸ್ತರು ನನ್ನ ಜೊತೆ ಬರುವುದಿಲ್ಲ. ಗುರುವಾರ ಕೆಸಾಯಾಳ ತೀರ್ಪು. ಅದಕ್ಕೆ ಮೊದಲು ನನ್ನ ಎರಡೂ ಸಾಕ್ಷ್ಯಗಳನ್ನು ಎಲ್ಲರೆದುರು ಹರಿದುಹಾಕಿ. ಇಲ್ಲವಾದರೆ ಬಂದೀಖಾನೆಯಲ್ಲಿ ಅವಳ ಪಕ್ಕ ನನಗೂ ಜಾಗ ಮಾಡಿಸಿ. ಬರುವಾಗ ರೊಟ್ಟಿ ತರುತ್ತೇನೆ. ಈ ಸಲ ಬೇಯಿಸುವ ಸರದಿ ನನ್ನದು.

ಇಂತಿ,
ಎರಡೂ ಕೈ ಸೇರಿ ಏಳು ಸುಟ್ಟ ಕಲೆಗಳಿರುವ,
ಕೈಗವಸು ಹಾಕದ,
ಹೆಪ್ಸಿಬಾ ಟಪ್ಪನ್